ಕುಬಸದ ಮನೆಗೆ ಯಾವ ಲೆನ್ಸು?

ಮನೆಯಲ್ಲಿ ಒಂದು ಕಾರ್ಯ ಗೊತ್ತಾದರೆ ಮೊದಲು ಅಡುಗೆಯವರಿಗೆ ಹೇಳುತ್ತೇವೆ. ಆಮೇಲೆ ಪೆಂಡಾಲಿನವರಿಗೆ, ಆಮೇಲೆ ಸೀರೆ ಅಂಗಡಿಗೆ. ಫೋಟೋದ ಮಾತು ಬರುವುದು ಕಟ್ಟಕಡೆಗೆ. ಮದುವೆಯಾದರೆ ಸ್ಟುಡಿಯೋದವರು ಬರುತ್ತಾರೆ, ಅದರ ಚಿಂತೆಯಿಲ್ಲ. ಕುಬಸ, ತೊಟ್ಟಿಲು, ಮೊದಲ ವರ್ಷದ ಹುಟ್ಟುಹಬ್ಬ, ಮನೆ ಓಪನಿಂಗ್ ಅಂದರೆ ಮಾತ್ರ ಎಲ್ಲ ಮನೆಗಳಲ್ಲೂ ಒಂದೇ ಉತ್ತರ: ‘ನಮ್ಮ ಹುಡುಗನ ಹತ್ರ ಕ್ಯಾಮೆರಾ ಐತಲ್ಲ, ಅವನೇ ತೆಗಿತಾನ ಬಿಡು.’

ಹುಡುಗ ತೆಗೆಯುತ್ತಾನೆ. ನಾಲ್ಕುನೂರು ಫೋಟೋ ತೆಗೆಯುತ್ತಾನೆ. ರಾತ್ರಿ ಟಿ.ವಿ.ಗೆ ಹಚ್ಚಿ ಎಲ್ಲರೂ ನೋಡಲು ಕೂತಾಗ ಅರ್ಧದಷ್ಟು ಮಂಜು. ‘ಕ್ಯಾಮೆರಾನೇ ಚಲೋ ಇಲ್ಲ’ ಎಂದು ಒಬ್ಬರು, ‘ಲೆನ್ಸ್ ದೊಡ್ಡದು ಬೇಕಾಗಿತ್ತು’ ಎಂದು ಇನ್ನೊಬ್ಬರು. ಹುಡುಗನ ಮುಖ ಸಣ್ಣದಾಗುತ್ತದೆ.

ಇದು ಬರೀ ಹವ್ಯಾಸದ ಮಾತಾಗಿದ್ದರೆ ಈ ಅಂಕಣದಲ್ಲಿ ಬರೆಯುತ್ತಿರಲಿಲ್ಲ. ನಿಮ್ಮ ಮನೆಯ ಗೋಡೆ ಒಮ್ಮೆ ನೋಡ್ರಿ. ಹಾರ ಹಾಕಿದ ಹಿರಿಯರ ಫೋಟೋಗಳಲ್ಲಿ ಎಷ್ಟು ಅವರು ನಗುತ್ತಿದ್ದಾಗ ತೆಗೆದದ್ದು? ನಮ್ಮ ಮನೆಯಲ್ಲಿ ಅಜ್ಜಿಯ ಗೋಡೆ ಫೋಟೋ ಅಂದರೆ ವೋಟರ್ ಕಾರ್ಡಿನ ಚಿತ್ರವನ್ನು ದೊಡ್ಡದು ಮಾಡಿಸಿದ್ದು. ಆಕೆ ಎಷ್ಟು ಕಾರ್ಯಗಳಲ್ಲಿ ಓಡಾಡಿದ್ದಳು, ಎಷ್ಟು ಮಂದಿಗೆ ಆರತಿ ಎತ್ತಿದ್ದಳು! ಆ ಫೋಟೋಗಳೆಲ್ಲ ಇವೆ. ಒಂದರಲ್ಲೂ ಆಕೆಯ ಮುಖ ನಿಚ್ಚಳವಿಲ್ಲ. ಮನೆಯ ಸಣ್ಣ ಕಾರ್ಯಕ್ಕೆ ಲೆನ್ಸ್ ಆರಿಸುವುದು ಅಂದರೆ ನನ್ನ ಲೆಕ್ಕದಲ್ಲಿ ಇದೇ. ಇನ್ನು ಹತ್ತು ವರ್ಷದ ನಂತರ ಯಾರ ಮುಖ ನಮಗೆ ಬೇಕಾಗುತ್ತದೋ, ಆ ಮುಖ ಇವತ್ತು ಸರಿಯಾಗಿ ಬರಬೇಕು.

ಇಷ್ಟು ಬರೆಯಲು ಕಾರಣ ಭಾಗ್ಯನಗರದ ನಮ್ಮ ಓಣಿಯ ಒಬ್ಬ ತಂಗಿ. ನೇಕಾರರ ಮನೆ. ಮಗಳ ಕುಬಸ ಗೊತ್ತಾಗಿತ್ತು, ಇನ್ನೂ ಹದಿನೈದು ದಿನವಿತ್ತು. ಮಗನ ಹತ್ತಿರ ನಿಕಾನ್ ಡಿ3500 ಕ್ಯಾಮೆರಾ, ಜೊತೆಗೆ ಬಂದ ಎರಡು ಲೆನ್ಸು: 18–55 ಒಂದು, 70–300 ಒಂದು. ‘ಅಣ್ಣಾ, ಅಂಗಡ್ಯಾಗ 18–300 ತೊಗೋರಿ ಅಂತಾರ. ಒಂದರಾಗ ಎಲ್ಲಾ ಬರ್ತೈತಂತ. ತೊಗೊಳ್ಳೂದಾ?’ ಎಂದು ಕೇಳಿದಳು. ಮಾತಿನ ಕೊನೆಗೆ ಮೆಲ್ಲಗೆ ಇನ್ನೊಂದು ಸೇರಿಸಿದಳು: ‘ಅಪ್ಪಗ ಈಗ ತಲೆ ಅಲುಗ್ತೈತಿ ಅಣ್ಣಾ. ಎಷ್ಟು ತೆಗೆದ್ರೂ ಫೋಟೋ ಸರಿ ಬರವಲ್ದು. ಮೊಮ್ಮಗಳ ಜೋಡಿ ಒಂದು ಚಲೋ ಫೋಟೋ ಬೇಕು.’

ಕೊನೆಯ ಆ ಮಾತಿನಲ್ಲೇ ಲೆನ್ಸ್ ತೀರ್ಮಾನವಾಗಿತ್ತು. ಹೇಗೆಂದು ಹೇಳುತ್ತೇನೆ.

ಮಂಜಿನಲ್ಲಿ ಮೂರು ಜಾತಿ

ಫೋಟೋ ‘ಶೇಕ್’ ಆಗಿದೆ ಎಂದು ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಆದರೆ ಮೂರು ಬೇರೆ ಬೇರೆ ಕಾಯಿಲೆಗಳಿವೆ, ಮೂರಕ್ಕೂ ಮದ್ದು ಬೇರೆ. ಹಳೆಯ ಫೋಟೋ ಒಂದನ್ನು ತೆರೆದು ಪೂರ್ತಿ ದೊಡ್ಡದು ಮಾಡಿ ನೋಡಿ.

ಗೋಡೆ, ಕುರ್ಚಿ, ಮನುಷ್ಯರು ಎಲ್ಲವೂ ಒಂದೇ ದಿಕ್ಕಿಗೆ ಎಳೆದ ಹಾಗೆ ಕಂಡರೆ ಅಲುಗಿದ್ದು ಕ್ಯಾಮೆರಾ ಹಿಡಿದ ಕೈ. ಗೋಡೆಯ ಕ್ಯಾಲೆಂಡರಿನ ಅಂಕಿ ಓದಲು ಬರುತ್ತದೆ, ಮುಖ ಮಾತ್ರ ಕಲಸಿದೆ ಎಂದರೆ ಅಲುಗಿದ್ದು ಮನುಷ್ಯ. ಮುಖ ಮೆತ್ತಗಾಗಿದೆ, ಆದರೆ ಹಿಂದೆ ನಿಂತವರ ಸೀರೆಯ ಅಂಚಿನ ಎಳೆ ಎಳೆಯೂ ಕಾಣುತ್ತದೆ ಎಂದರೆ ಯಾರೂ ಅಲುಗಿಲ್ಲ, ಫೋಕಸ್ ಹೋಗಿ ಹಿಂದಿನವರ ಮೇಲೆ ಕೂತಿದೆ. ನೇಯ್ಗೆಯ ಊರಿನವರಾದ ನಮಗೆ ಇದು ಸುಲಭದ ಪರೀಕ್ಷೆ. ಅಂಚಿನ ಎಳೆ ಎಲ್ಲಿ ಸ್ಪಷ್ಟವಿದೆಯೋ ಫೋಕಸ್ ಅಲ್ಲಿದೆ.

ಮೊದಲನೆಯದಕ್ಕೆ ಲೆನ್ಸಿನಲ್ಲಿರುವ ವಿಆರ್, ಐಎಸ್ ಎಂಬ ಅಲುಗು ತಡೆಯುವ ವ್ಯವಸ್ಥೆ ಸಹಾಯ ಮಾಡುತ್ತದೆ. ಎರಡನೆಯದಕ್ಕೆ ಅದರಿಂದ ಏನೂ ಆಗದು. ಅದು ನಮ್ಮ ಕೈಯ ನಡುಕವನ್ನಷ್ಟೇ ಸರಿದೂಗಿಸುತ್ತದೆ, ಎದುರಿಗೆ ಓಡುವ ಮಗುವನ್ನು ನಿಲ್ಲಿಸುವುದಿಲ್ಲ. ಮನೆಯೊಳಗಿನ ಕಾರ್ಯದಲ್ಲಿ ಕೆಡುವ ಫೋಟೋಗಳಲ್ಲಿ ಹೆಚ್ಚಿನವು ಈ ಎರಡನೆಯ ಜಾತಿಯವೇ. ಷಟರ್ ತೆರೆದಿರುವ ಹೊತ್ತು ಹೆಚ್ಚಾಯಿತು, ಅಷ್ಟರಲ್ಲಿ ಎದುರಿಗಿದ್ದವರು ತಲೆ ತಿರುಗಿಸಿದರು.

ಬೆಳಕಿನ ಲೆಕ್ಕ

ಷಟರ್ ಹೊತ್ತು ಕಡಿಮೆಯಾಗಬೇಕಾದರೆ ಬೆಳಕು ಹೆಚ್ಚು ಬೇಕು. ಲೆನ್ಸಿನ ಮೇಲೆ ಬರೆದಿರುವ ಎಫ್ ಸಂಖ್ಯೆ ಹೇಳುವುದು ಇದನ್ನೇ. ಸಂಖ್ಯೆ ಸಣ್ಣದಾದಷ್ಟೂ ಕಿಂಡಿ ದೊಡ್ಡದು, ಬೆಳಕು ಹೆಚ್ಚು. ಕ್ಯಾಮೆರಾ ಜೊತೆ ಬರುವ 18–55 ಲೆನ್ಸಿನಲ್ಲಿ 18ರ ಕಡೆ ಎಫ್ 3.5 ಸಿಗುತ್ತದೆ, 55ಕ್ಕೆ ಎಳೆದರೆ ಎಫ್ 5.6ಕ್ಕೆ ಇಳಿಯುತ್ತದೆ. ಮುಖ ಹತ್ತಿರ ಕಾಣಲಿ ಎಂದು ಜೂಮ್ ಮಾಡಿದ ಕೂಡಲೇ ನಾವೇ ಕಿಟಕಿ ಮುಚ್ಚಿದ ಹಾಗಾಗುತ್ತದೆ.

ಒಂದು ಟ್ಯೂಬ್‌ಲೈಟ್ ಉರಿಯುವ ನಮ್ಮ ಪಡಸಾಲಿಯಲ್ಲಿ ಸಂಜೆ ಕ್ಯಾಮೆರಾ ಹಿಡಿದು ನೋಡಿದೆ. ಐಎಸ್‌ಒ 1600, ಎಫ್ 5.6 ಇಟ್ಟರೆ ಷಟರ್ ಸೆಕೆಂಡಿನ 15ನೇ ಒಂದು ಭಾಗ ತೋರಿಸಿತು. ಮಾತಾಡುತ್ತಾ ಕೂತವರನ್ನು ಹಿಡಿಯಲು ಅದು ಸಾಲದು. ಅದೇ ಜಾಗ, ಅದೇ ಬೆಳಕು, ಎಫ್ 2 ಇಟ್ಟರೆ ಬೆಳಕು ಎಂಟು ಪಟ್ಟಾಗುತ್ತದೆ, ಷಟರ್ 125ನೇ ಒಂದು ಭಾಗಕ್ಕೆ ಬರುತ್ತದೆ. ಕೂತವರು, ಉಡಿ ತುಂಬುವವರು, ಆರತಿ ಎತ್ತುವವರು ಎಲ್ಲ ಇದರಲ್ಲಿ ನಿಂತುಬಿಡುತ್ತಾರೆ. ಓಡುವ ಮಕ್ಕಳಿಗೆ 250ನೇ ಒಂದು ಭಾಗ ಬೇಕು, ಆಗ ಐಎಸ್‌ಒ 3200ಕ್ಕೆ ಏರಿಸಿದರಾಯಿತು.

ಐಎಸ್‌ಒ ಏರಿಸಿದರೆ ಚಿತ್ರದಲ್ಲಿ ಕಾಳು ಬರುತ್ತದೆ ಎಂದು ಹೆದರುವವರಿದ್ದಾರೆ. ಬರಲಿ ಬಿಡ್ರಿ. ನಾವು ಆಲ್ಬಂಗೆ ಹಾಕಿಸುವುದು 4×6 ಇಂಚಿನ ಪ್ರಿಂಟು. ಇಂಚಿಗೆ 300 ಚುಕ್ಕಿಯಂತೆ ಲೆಕ್ಕ ಹಾಕಿದರೂ ಅದಕ್ಕೆ ಬೇಕಾದದ್ದು ಸುಮಾರು 2 ಮೆಗಾಪಿಕ್ಸೆಲ್. 24 ಮೆಗಾಪಿಕ್ಸೆಲ್ಲಿನ ಚಿತ್ರವನ್ನು ಅಷ್ಟು ಸಣ್ಣದು ಮಾಡಿದಾಗ ಕಾಳು ಕಣ್ಣಿಗೆ ಬೀಳುವುದೇ ಕಷ್ಟ. ಕಾಳು ಬಿದ್ದ ಮುಖವನ್ನು ಗುರುತಿಸಬಹುದು, ಕಲಸಿಹೋದ ಮುಖವನ್ನು ಏನು ಮಾಡೂದು?

ಈ ಬೆಳಕಿನ ತಾಪತ್ರಯ ಫೋಟೋಗ್ರಫಿಯಷ್ಟೇ ಹಳೆಯದು. 1839ರಲ್ಲಿ ಪ್ಯಾರಿಸ್ಸಿನಲ್ಲಿ ಡಾಗೆರ್ ತನ್ನ ವಿಧಾನವನ್ನು ಪ್ರಕಟಿಸಿದಾಗ ಬಿಸಿಲಿನಲ್ಲಿ ಕೂತವರೂ ನಿಮಿಷಗಟ್ಟಲೆ ಕದಲದೆ ಇರಬೇಕಿತ್ತು. ತಲೆ ಅಲುಗದ ಹಾಗೆ ಹಿಂದಿನಿಂದ ಕಬ್ಬಿಣದ ಆನಿಕೆ ಕೊಟ್ಟು ಕೂರಿಸುತ್ತಿದ್ದರು. ಮರುವರ್ಷ, 1840ರಲ್ಲಿ, ವಿಯೆನ್ನಾದಲ್ಲಿದ್ದ ಗಣಿತದ ಪ್ರಾಧ್ಯಾಪಕ ಜೋಸೆಫ್ ಪೆಟ್ಸ್‌ವಾಲ್ ಲೆಕ್ಕ ಹಾಕಿ ಒಂದು ಹೊಸ ಲೆನ್ಸ್ ರೂಪಿಸಿದ. ಅದರ ಕಿಂಡಿ ಸುಮಾರು ಎಫ್ 3.6. ಮುಖದ ಚಿತ್ರ ತೆಗೆಯಲೆಂದೇ ಮಾಡಿದ ಮೊದಲ ದೊಡ್ಡ ಲೆನ್ಸ್ ಅದು. ನಿಮಿಷದ ಕೆಲಸ ಸೆಕೆಂಡಿಗೆ ಇಳಿಯತೊಡಗಿತು. ತಲೆ ಅಲುಗುವ ಅಜ್ಜನ ಫೋಟೋಕ್ಕೆ ಏನು ಬೇಕೆಂದು ಆಗಲೇ ಗೊತ್ತಾಗಿತ್ತು. ಆತನಿಗೆ ‘ಅಲುಗಬ್ಯಾಡ’ ಎಂದು ಹೇಳಿ ಪ್ರಯೋಜನವಿಲ್ಲ. ಬೆಳಕು ಹೆಚ್ಚು ಹಿಡಿಯುವ ಲೆನ್ಸ್ ನಾವು ತರಬೇಕು.

ಅದಕ್ಕೇ ಆ ತಂಗಿಗೆ ಹೇಳಿದೆ: ‘18–300 ಬ್ಯಾಡವ್ವಾ. ಅದು ದೂರದ್ದನ್ನ ಹತ್ರ ತರ್ತೈತಿ. ನಿನಗ ಬೇಕಾಗಿದ್ದು ಬೆಳಕು.’ ಗವಿಮಠದ ಜಾತ್ರೆಯ ತೇರನ್ನು ಇನ್ನೂ ಬೆಳಕಿರುವಾಗ ದೂರದ ಮಾಳಿಗೆ ಮೇಲಿಂದ ತೆಗೆಯಲು ಉದ್ದ ಜೂಮ್ ಬೇಕು. ಹತ್ತು ಅಡಿಯ ಪಡಸಾಲಿಯಲ್ಲಿ ಅದಕ್ಕೆ ಕೆಲಸವಿಲ್ಲ.

35 ಬೇಕೋ, 50 ಬೇಕೋ

ಜೂಮ್ ಇಲ್ಲದ, ಒಂದೇ ಅಳತೆಯ, ಎಫ್ 1.8ರ ಸಣ್ಣ ಲೆನ್ಸುಗಳು ಎಲ್ಲ ಕಂಪನಿಗಳಲ್ಲೂ ಇವೆ. ಅವುಗಳಲ್ಲಿ 50 ಎಂಎಂ ಹೆಸರುವಾಸಿ, ಬೆಲೆಯೂ ಕಡಿಮೆ. ಎಲ್ಲರೂ ಅದನ್ನೇ ಹೇಳುತ್ತಾರೆ. ನಾನು ಮಾತ್ರ ಮೊದಲು ಟೇಪ್ ಹಿಡಿದು ಮನೆ ಅಳೆಯಿರಿ ಎನ್ನುತ್ತೇನೆ.

ಡಿ3500ನಂಥ ಕ್ಯಾಮೆರಾಗಳ ಸೆನ್ಸರ್, ಹಳೆಯ 35 ಎಂಎಂ ರೀಲಿನ ಚೌಕಟ್ಟಿಗಿಂತ ಸಣ್ಣದು. ಎಪಿಎಸ್-ಸಿ ಎನ್ನುತ್ತಾರೆ. ಅದರ ಮೇಲೆ 50 ಎಂಎಂ ಹಾಕಿದರೆ 75 ಎಂಎಂನಷ್ಟು ಕಿರಿದಾಗಿ ನೋಡುತ್ತದೆ. ಕ್ಯಾಮೆರಾವನ್ನು ಅಡ್ಡ ಹಿಡಿದು ಹತ್ತು ಅಡಿ ದೂರ ನಿಂತರೆ 50ರಲ್ಲಿ ಎದುರಿನ ನಾಲ್ಕೂವರೆ ಅಡಿ ಅಗಲವಷ್ಟೇ ಸಿಗುತ್ತದೆ. ಮೂವರು ಒತ್ತಿ ಕೂತರೆ ಮುಗಿಯಿತು. 35ರಲ್ಲಿ ಆರೂವರೆ ಅಡಿ. 24ರಲ್ಲಿ ಒಂಬತ್ತೂವರೆ ಅಡಿ. 18ರಲ್ಲಿ ಸುಮಾರು ಹದಿಮೂರು ಅಡಿ.

ಈಗ ನಿಮ್ಮ ಪಡಸಾಲಿ ನೆನಪು ಮಾಡಿಕೊಳ್ಳಿ. ಒಂದು ಗೋಡೆಗೆ ಕುಬಸದ ಹುಡುಗಿಯನ್ನು ಕೂರಿಸಿದ್ದಾರೆ, ಎದುರಿಗೆ ಐದು ಜನ ಮುತ್ತೈದೆಯರು, ಅವರ ಹಿಂದೆ ಮಕ್ಕಳು. ಕ್ಯಾಮೆರಾದವನಿಗೆ ಉಳಿಯುವುದು ಏಳೆಂಟು ಅಡಿ. ಅಲ್ಲಿ 50 ಹಿಡಿದು ನಿಂತರೆ ಬೆನ್ನು ಗೋಡೆಗೆ ತಾಗಿದರೂ ಆರತಿ ತಟ್ಟೆ ಚೌಕಟ್ಟಿನಿಂದ ಹೊರಗುಳಿಯುತ್ತದೆ. ಆದ್ದರಿಂದ ಮನೆಯೊಳಗಿನ ಕಾರ್ಯಕ್ಕೆ ಒಂದೇ ಲೆನ್ಸ್ ಅಂದರೆ 35. ಕಲ್ಯಾಣ ಮಂಟಪ, ದೊಡ್ಡ ಅಂಗಳ ಇದ್ದು ಬರೀ ಮುಖಗಳೇ ಬೇಕೆಂದರೆ 50. ಮನೆಮಂದಿಯೆಲ್ಲ ನಿಲ್ಲುವ ಗುಂಪು ಫೋಟೋಕ್ಕೆ ನಿಮ್ಮಲ್ಲಿರುವ 18–55 ಸಾಕು. ಅದನ್ನು 24ರ ಆಸುಪಾಸು ಇಟ್ಟುಕೊಳ್ಳಿ. 18ಕ್ಕೇ ತಂದರೆ ಅಂಚಿನಲ್ಲಿ ನಿಂತವರು ಅಡ್ಡಕ್ಕೆ ಎಳೆದ ಹಾಗೆ ಕಾಣುತ್ತಾರೆ. ಅಂಚಿಗೆ ನಿಂತ ಅತ್ತಿಗೆ ಆಮೇಲೆ ಮಾತು ಬಿಟ್ಟರೆ ನನ್ನನ್ನು ಕೇಳಬೇಡಿ!

ಕೊಳ್ಳುವಾಗ ಒಂದು ಎಚ್ಚರಿಕೆ. ನಿಕಾನಿನ ಡಿ3000, ಡಿ5000 ಸಾಲಿನ ಕ್ಯಾಮೆರಾಗಳ ಒಳಗೆ ಫೋಕಸ್ ಮಾಡುವ ಮೋಟಾರ್ ಇರುವುದಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಹಳೆಯ ಎಎಫ್ 50 ಎಂಎಂ 1.8ಡಿ ತಂದರೆ ಪ್ರತಿ ಸಲ ಕೈಯಿಂದಲೇ ತಿರುಗಿಸಿ ಫೋಕಸ್ ಮಾಡಬೇಕಾಗುತ್ತದೆ. ಹೆಸರಿನಲ್ಲಿ ‘ಎಎಫ್-ಎಸ್’ ಎಂದಿರುವುದನ್ನು ನೋಡಿ ತನ್ನಿ. 2009ರಲ್ಲಿ ಬಂದ ಎಎಫ್-ಎಸ್ ಡಿಎಕ್ಸ್ 35 ಎಂಎಂ ಎಫ್ 1.8ಜಿ ಸುಮಾರು 200 ಗ್ರಾಂ ತೂಕದ ಸಣ್ಣ ಲೆನ್ಸು, ಈ ಕ್ಯಾಮೆರಾಗಳಿಗೆ ಹೇಳಿ ಮಾಡಿಸಿದ್ದು. ಕೆನಾನ್ ಡಿಎಸ್‌ಎಲ್‌ಆರ್ ಇದ್ದವರಿಗೆ 50 ಎಂಎಂ ಎಫ್ 1.8 ಎಸ್‌ಟಿಎಂ ಇದೆ. ಜಾಗ ಸಣ್ಣದಾದರೆ 24 ಎಂಎಂ ಎಫ್ 2.8 ಎಸ್‌ಟಿಎಂ ಇದೆ, ಬೆಳಕು ಸ್ವಲ್ಪ ಕಡಿಮೆ ಹಿಡಿಯುತ್ತದೆ. ಸೋನಿಯ ಎಪಿಎಸ್-ಸಿ ಕ್ಯಾಮೆರಾಕ್ಕೆ ಇ 35 ಎಂಎಂ ಎಫ್ 1.8. ಹೊಸ ಮಿರರ್‌ಲೆಸ್ ಕ್ಯಾಮೆರಾ ಇದ್ದರೆ ಲೆನ್ಸಿನ ಮೌಂಟ್ ಬೇರೆ. ಅಂಗಡಿಗೆ ಹೋಗುವಾಗ ಕ್ಯಾಮೆರಾವನ್ನೇ ಒಯ್ದು, ಹಾಕಿ, ನಾಲ್ಕು ಫೋಟೋ ತೆಗೆದು ನೋಡಿಯೇ ದುಡ್ಡು ಕೊಡಿ.

ವರ್ಷಕ್ಕೆ ಒಂದೋ ಎರಡೋ ಕಾರ್ಯಕ್ಕಾಗಿ ಕೊಳ್ಳಲೇಬೇಕೆಂದೂ ಇಲ್ಲ. ದೊಡ್ಡ ಊರುಗಳಲ್ಲಿ ಲೆನ್ಸ್ ದಿನದ ಬಾಡಿಗೆಗೆ ಸಿಗುತ್ತದೆ. ನಮ್ಮ ತಂಗಿಗೆ ಕೊಪ್ಪಳದ ಪರಿಚಯದ ಸ್ಟುಡಿಯೋದವರೇ ಎರಡು ದಿನಕ್ಕೆ 35 ಕೊಟ್ಟರು.

ಕಿಂಡಿ ದೊಡ್ಡದಾದರೆ ಫೋಕಸ್ ತೆಳು

ಎಫ್ 1.8 ಲೆನ್ಸ್ ತಂದವರು ಮೊದಲ ದಿನವೇ ಬಂದು, ‘ಸರ್, ಇದು ಮೊದಲಿನಕಿಂತ ಮಂಜು’ ಎನ್ನುವುದುಂಟು. ಅದು ಲೆನ್ಸಿನ ದೋಷವಲ್ಲ. ಕಿಂಡಿ ದೊಡ್ಡದಾದಷ್ಟೂ ಸ್ಪಷ್ಟವಾಗಿ ಕಾಣುವ ಜಾಗದ ಆಳ ಕಡಿಮೆಯಾಗುತ್ತದೆ. 50 ಎಂಎಂ, ಎಫ್ 1.8, ಐದು ಅಡಿ ದೂರ ಅಂದರೆ ನಾಲ್ಕು ಬೆರಳಿನಷ್ಟು ಆಳವಷ್ಟೇ ಸ್ಪಷ್ಟ. ಮೂಗಿನ ನತ್ತಿಗೆ ಫೋಕಸ್ ಬಿದ್ದರೆ ಕಿವಿಯ ಜುಮುಕಿ ಮೆತ್ತಗಾಗುತ್ತದೆ. 35 ಎಂಎಂ, ಎಫ್ 2, ಅದೇ ಐದು ಅಡಿಯಾದರೆ ಗೇಣಿಗೆ ಸ್ವಲ್ಪ ಕಡಿಮೆ. ಒಬ್ಬರ ಮುಖಕ್ಕೆ ಸಾಕು. ಹತ್ತು ಅಡಿ ದೂರ ನಿಂತು ಎಫ್ 4 ಇಟ್ಟರೆ ಮೂರಡಿಗೂ ಹೆಚ್ಚು ಆಳ ಸಿಗುತ್ತದೆ, ಎರಡು ಸಾಲು ಜನ ನಿಲ್ಲಬಹುದು.

ಹಾಗಾಗಿ ಒಬ್ಬರಿಗೆ ಎಫ್ 2, ಅಕ್ಕಪಕ್ಕ ಒಂದೇ ಸಾಲಿನಲ್ಲಿ ಇಬ್ಬರು ಮೂವರಿಗೆ ಎಫ್ 2.8, ಗುಂಪಿಗೆ ಎಫ್ 4 ಅಥವಾ 5.6 ಎಂದು ನೆನಪಿಟ್ಟುಕೊಂಡರೆ ಸಾಕು. ಫೋಕಸ್ ಬಿಂದು ಎಲ್ಲಿ ಬೇಕಾದರೂ ಓಡಾಡಲು ಬಿಡದೆ ಒಂದೇ ಬಿಂದು ಆರಿಸಿ, ಹತ್ತಿರದ ಕಣ್ಣಿನ ಮೇಲಿಡಿ. ಕಣ್ಣು ಗುರುತಿಸುವ ಹೊಸ ಕ್ಯಾಮೆರಾ ಇದ್ದರೆ ಆ ಸೌಲಭ್ಯ ಆನ್ ಮಾಡಿ. ಇನ್ನೊಂದು ಸಣ್ಣ ಮಾತು: ಕಾರ್ಯದ ಮನೆಯಲ್ಲಿ ಕ್ಯಾಮೆರಾ ಹತ್ತು ಕೈ ದಾಟುತ್ತದೆ. ಎಣ್ಣೆ, ಕುಂಕುಮದ ಬೆರಳು ಗಾಜಿಗೆ ತಾಗಿದರೆ ಎಂಥ ಲೆನ್ಸೂ ಮಂಜೇ. ಮೆತ್ತನೆಯ ಒಣ ಬಟ್ಟೆ ಕಿಸೆಯಲ್ಲಿರಲಿ.

ಪೆಂಡಾಲು, ಸೀರಿಯಲ್ ಸೆಟ್ಟು, ಕಿಟಕಿ

ಲೆನ್ಸ್ ಎಷ್ಟೇ ಚಲೋ ಇದ್ದರೂ ಬೆಳಕು ಕೆಟ್ಟದಿದ್ದರೆ ಫೋಟೋ ಕೆಡುತ್ತದೆ. ಅಂಗಳಕ್ಕೆ ಕೆಂಪು, ಹಳದಿ ಬಟ್ಟೆಯ ಪೆಂಡಾಲ್ ಹಾಕಿದರೆ ಮಧ್ಯಾಹ್ನದ ಬಿಸಿಲು ಅದರ ಮೂಲಕ ಇಳಿದು ಎಲ್ಲರ ಮುಖಕ್ಕೂ ಅದೇ ಬಣ್ಣ ಬಳಿಯುತ್ತದೆ. ಪೆಂಡಾಲಿನವರಿಗೆ ಹೇಳಿ, ಕುಬಸದ ಹುಡುಗಿ ಕೂರುವ ಜಾಗದ ಮೇಲಾದರೂ ಬಿಳಿ ಬಟ್ಟೆ ಕಟ್ಟಿಸಿ.

ಎಲ್ಇಡಿ ಸರ ಹಚ್ಚಿದ ಕಡೆ ಫೋಟೋದಲ್ಲಿ ಕಪ್ಪು ಪಟ್ಟಿ ಬರುವುದನ್ನು ನೀವೂ ನೋಡಿರಬಹುದು. ನಮ್ಮ ಕರೆಂಟು 50 ಹರ್ಟ್ಸಿನದು, ಅನೇಕ ಎಲ್ಇಡಿಗಳು ಅದಕ್ಕೆ ತಕ್ಕಂತೆ ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಅಲ್ಲಿ ಷಟರ್ 100ನೇ ಒಂದು ಭಾಗಕ್ಕೆ ಇಡಿ, ಪಟ್ಟಿ ಬಹುಮಟ್ಟಿಗೆ ಮಾಯವಾಗುತ್ತದೆ. ಫ್ಲ್ಯಾಶ್ ಇದ್ದರೆ ಅದನ್ನು ಮುಖಕ್ಕೆ ನೇರವಾಗಿ ಹೊಡೆಯದೆ ಬಿಳಿ ಸುಣ್ಣದ ಮಾಳಿಗೆಗೆ ತಿರುಗಿಸಿ. ಬೆಳಕು ಮೇಲಿಂದ ಮೆತ್ತಗೆ ಇಳಿಯುತ್ತದೆ. ಬಣ್ಣದ ಪೆಂಡಾಲಿನ ಕೆಳಗೆ ಈ ಉಪಾಯ ನಡೆಯದು.

ಎಲ್ಲಕ್ಕಿಂತ ಸುಲಭದ ಬೆಳಕು ಪುಕ್ಕಟೆ ಸಿಗುವಂಥದ್ದು. ಮೈಸೂರಿನವರಾದ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಚಿತ್ರದ ಒಂದು ಹಾಡಿಗಾಗಿ ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ತಿರುಗಿಸಿ ಸ್ಟುಡಿಯೋದೊಳಗೆ ತಂದಿದ್ದರು. ಆ ಬೆಳಕಿನ ಕೋಲನ್ನು ಇವತ್ತಿಗೂ ಜನ ಮಾತಾಡುತ್ತಾರೆ. ನಂತರ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರಾದದ್ದೂ ಅವರೇ. ನಮಗೆ ಅಷ್ಟೆಲ್ಲ ಬೇಡ. ಬಾಗಿಲು ಪೂರ್ತಿ ತೆರೆದು, ಬಾಗಿಲಿನ ಪರದೆ ಎತ್ತಿಕಟ್ಟಿ, ಹಿರಿಯರ ಕುರ್ಚಿಯನ್ನು ಬೆಳಕಿಗೆ ಓರೆಯಾಗಿ ತಿರುಗಿಸಿದರೆ ಸಾಕು. ಬೆಳಕು ಅವರ ಬೆನ್ನ ಹಿಂದೆ ಇರದಿದ್ದರಾಯಿತು.

ಆ ಕುಬಸದಲ್ಲೂ ಇದನ್ನೇ ಮಾಡಿದರು. ಊಟಕ್ಕೆ ಮೊದಲು, ಹೊತ್ತು ಇರುವಾಗಲೇ, ಅಜ್ಜನ ಕುರ್ಚಿ ಬಾಗಿಲ ಹತ್ತಿರ ಬಂತು. ಹಸಿರು ಸೀರೆ, ಕೈತುಂಬ ಹಸಿರು ಬಳೆಯ ಮೊಮ್ಮಗಳು ಪಕ್ಕದಲ್ಲಿ ಕೂತಳು. 35 ಎಂಎಂ, ಎಫ್ 2.8, ಷಟರ್ 250ನೇ ಒಂದು ಭಾಗ. ಹುಡುಗನಿಗೆ ಒಂದೇ ಮಾತು ಹೇಳಿದ್ದೆ: ‘ಒಂದೊಂದ ತೆಗಿಬ್ಯಾಡ, ಬಟನ್ ಒತ್ತಿ ಹಿಡಿ.’ ನಡುಗುವ ತಲೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ತಿರುಗುವಾಗ ಕ್ಷಣಹೊತ್ತು ನಿಲ್ಲುತ್ತದೆ. ಸಾಲಾಗಿ ತೆಗೆದರೆ ಒಂದಾದರೂ ಆ ಕ್ಷಣಕ್ಕೆ ಬೀಳುತ್ತದೆ. ಮೂವತ್ತರಲ್ಲಿ ಆರು ನಿಚ್ಚಳವಾಗಿ ಬಂದವು. ಒಂದರಲ್ಲಿ ಅಜ್ಜ ಮೊಮ್ಮಗಳ ಬಳೆ ಎಣಿಸುತ್ತಿದ್ದಾರೆ. ಅದನ್ನು 12×18ಕ್ಕೆ ಹಾಕಿಸಿದ್ದಾರೆ. ಹಾರವಿಲ್ಲದ ಗೋಡೆಗೆ, ಅಜ್ಜ ದಿನಾ ನೋಡುವ ಜಾಗದಲ್ಲಿ.

ಕ್ಯಾಮೆರಾ ಇಲ್ಲದವರು ಬೇಸರ ಮಾಡಿಕೊಳ್ಳಬೇಡಿ. ಫೋನಿನಲ್ಲೂ ಇದೇ ಧರ್ಮ. ಗಾಜು ಒರೆಸಿ. ಬೆರಳಿನಿಂದ ಜೂಮ್ ಮಾಡದೆ ಎರಡು ಹೆಜ್ಜೆ ಮುಂದೆ ಹೋಗಿ. 1ಎಕ್ಸ್ ಎಂದಿರುವ ಮುಖ್ಯ ಲೆನ್ಸನ್ನೇ ಬಳಸಿ, ಸಾಮಾನ್ಯವಾಗಿ ಹೆಚ್ಚು ಬೆಳಕು ಹಿಡಿಯುವುದು ಅದೇ. ನೈಟ್ ಮೋಡ್ ಹಲವು ಚಿತ್ರಗಳನ್ನು ಸೇರಿಸಿ ಒಂದು ಮಾಡುತ್ತದೆ, ಕದಲುವ ಮಕ್ಕಳು, ನಡುಗುವ ಹಿರಿಯರು ಅದರಲ್ಲಿ ಕಲಸಿಹೋಗುತ್ತಾರೆ. ಅದನ್ನು ಬಂದ್ ಮಾಡಿ, ಇನ್ನೊಂದು ಬಲ್ಬ್ ಹಚ್ಚಿ.

ಲೆನ್ಸ್ ಬಂದ ಮೇಲೆ ಕಾರ್ಯದ ಹಿಂದಿನ ಸಂಜೆ, ಅದೇ ಕೋಣೆಯಲ್ಲಿ, ಅದೇ ದೀಪ ಹಚ್ಚಿ, ಮನೆಯವರೊಬ್ಬರನ್ನು ಕೂರಿಸಿ ಹತ್ತು ಫೋಟೋ ತೆಗೆದು ನೋಡಿ. ಕಾರ್ಯದ ದಿನ ಹೂರಣದ ತಟ್ಟೆ, ಡೆಕೋರೇಷನ್ನು, ಕೇಕು ಎಲ್ಲ ಆಮೇಲೆ ತೆಗೆದರಾಯಿತು. ಮೊದಲ ಹತ್ತು ನಿಮಿಷ ಮನೆಯ ಅತಿ ಹಿರಿಯರದ್ದು. ಅವರು ‘ನಂದ್ಯಾಕ ತೆಗಿತೀಯೋ, ಹುಡುಗ್ರದ್ದು ತೆಗಿ’ ಎಂದೇ ಅನ್ನುತ್ತಾರೆ. ‘ಹೂಂ ಅಜ್ಜಿ, ಅವರದ್ದೂ ತೆಗಿತೀನಿ’ ಅನ್ನಿ, ಬಟನ್ ಒತ್ತುತ್ತಾ ಇರಿ.